ಮನೆಯಲ್ಲೇ ಕಲಿಯುವ ಮಕ್ಕಳಿಗೆ ಯಾವ ದಾಖಲೆ ಬೇಕು?

ಪ್ರಶ್ನೆ: ನನ್ನ ಮಗನಿಗೆ 12 ವರ್ಷ, ಮಗಳಿಗೆ 8. ಮಗನನ್ನು ನಾಲ್ಕನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿದೆವು. ಮಗಳು ಶಾಲೆಗೆ ಸೇರಿಯೇ ಇಲ್ಲ. ಇಬ್ಬರಿಗೂ ನಾವೇ ಕನ್ನಡದಲ್ಲಿ ಪಾಠ ಹೇಳುತ್ತಿದ್ದೇವೆ. ಕಳೆದ ತಿಂಗಳು ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರು ಬಂದು ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಗೆ ಇವರ ಹೆಸರು ಬರೆದುಕೊಂಡು ಹೋದರು. ನಮ್ಮ ಮೇಲೆ ಕೇಸು ಆಗಬಹುದೇ? ಪರಿಚಯದ ಶಾಲೆಯೊಂದರಲ್ಲಿ ಹೆಸರಿಗಷ್ಟೇ ದಾಖಲು ಮಾಡಿಸಿ ಎಂದು ನೆಂಟರು ಹೇಳುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಂ, 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು ಹೇಳುತ್ತದೆ. ಮನೆಶಿಕ್ಷಣದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅನುಮತಿಯೂ ಇಲ್ಲ, ವಿನಾಯಿತಿಯೂ ಇಲ್ಲ. ಕರ್ತವ್ಯ ತಪ್ಪಿದ ಪಾಲಕರಿಗೆ ಈ ಕಾಯ್ದೆ ಶಿಕ್ಷೆಯನ್ನು ವಿಧಿಸಿಲ್ಲ ಎಂಬುದು ನಿಜವಾದರೂ, ಅದನ್ನು ನೆಚ್ಚಿ ಸುಮ್ಮನಿರುವುದು ಸರಿಯಲ್ಲ. ಮಕ್ಕಳ ಹುಟ್ಟಿದ ದಿನಾಂಕ, ಕಲಿಯುತ್ತಿರುವ ವಿಷಯಗಳು ಮತ್ತು ಮುಂದೆ ಬರೆಸಲಿರುವ ಪರೀಕ್ಷೆಯನ್ನು ತಿಳಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ನೀವಾಗಿಯೇ ಪತ್ರ ಬರೆಯಿರಿ. ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪತ್ರದಿಂದ ಅನುಮತಿ ಸಿಕ್ಕಂತಾಗುವುದಿಲ್ಲ, ಆದರೆ ಮಕ್ಕಳು ದುಡಿಮೆಗೆ ಹೋಗುತ್ತಿಲ್ಲ, ಓದುತ್ತಿದ್ದಾರೆ ಎಂಬುದಕ್ಕೆ ನಿಮ್ಮ ಕೈಯಲ್ಲಿ ಒಂದು ಪುರಾವೆ ಇರುತ್ತದೆ.

ನೆಂಟರ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಬಾರದ ಮಗುವಿಗೆ ಹಾಜರಿ ಹಾಕಿ, ಬರೆಯದ ಪರೀಕ್ಷೆಗೆ ಅಂಕ ತುಂಬಿದ ದಾಖಲೆ ಎಂದಾದರೂ ಪ್ರಶ್ನೆಗೆ ಒಳಗಾದರೆ, ಸಹಿ ಹಾಕಿದ ಶಿಕ್ಷಕರ ಜೊತೆಗೆ, ಏನೂ ಅರಿಯದ ನಿಮ್ಮ ಮಕ್ಕಳೂ ಸಂಕಟಕ್ಕೆ ಸಿಲುಕುತ್ತಾರೆ.

ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ಎಂಟನೆಯ ತರಗತಿಯ ಅಂಕಪಟ್ಟಿ ಇಲ್ಲದವರು ಅಷ್ಟು ಓದಿದ್ದೇನೆಂದು ಸ್ವಯಂ ಘೋಷಣೆ ಕೊಟ್ಟರೆ ಸಾಕು; ಹುಟ್ಟಿದ ದಿನಾಂಕದ ದಾಖಲೆ ಮಾತ್ರ ಬೇಕೇ ಬೇಕು. ಭಾಷಾ ವಿಷಯಗಳಲ್ಲಿ ಕನ್ನಡವೂ ಇದೆ. ಹುಟ್ಟಿದ ದಿನಾಂಕದ ದಾಖಲೆ ಬೇಕೇ ಬೇಕಾದ್ದರಿಂದ, ಜನನ ಪ್ರಮಾಣಪತ್ರ ಮತ್ತು ಆಧಾರ್‌ಗಳನ್ನು ಈಗಲೇ ಎದುರುಬದುರು ಇಟ್ಟು ನೋಡಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಬಹಳ ಸಾಮಾನ್ಯ; ಶಾಲೆಗೆ ಹೋಗುವ ಮಕ್ಕಳ ಈ ವ್ಯತ್ಯಾಸ ಶಾಲೆಯವರ ಕಣ್ಣಿಗೆ ಬೀಳುತ್ತದೆ, ನಿಮ್ಮ ಮಕ್ಕಳದ್ದನ್ನು ನೀವೇ ಹುಡುಕಿ ತಿದ್ದಿಸಬೇಕು.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ, ಏಕೆಂದರೆ ಇದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸಿಇಟಿಯ ಮೂಲಕ ಸರ್ಕಾರಿ ಸೀಟು ಬಯಸುವವರು ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ರವರೆಗಿನ ಶಾಲಾ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ಹಳ್ಳಿಯಲ್ಲಿ ಕನ್ನಡದಲ್ಲೇ ಕಲಿತ ನಿಮ್ಮ ಮಕ್ಕಳಿಗೆ ಇವೆರಡೂ ದಕ್ಕದೆ ಹೋಗುವುದು ನೋವಿನ ಸಂಗತಿ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲಿಯೇ ಓದಿ ಪಾಸಾಗಿದ್ದರೆ ಸರ್ಕಾರಿ ಸೀಟಿಗೆ ಇನ್ನೊಂದು ದಾರಿ ಉಂಟು. ಹಾಗಾಗಿ ಮಕ್ಕಳ ಕಡತದಲ್ಲಿ ನಿಮ್ಮಿಬ್ಬರ ವ್ಯಾಸಂಗ ಪ್ರಮಾಣಪತ್ರಗಳೂ ಇರಲಿ. ವರ್ಷವರ್ಷದ ಷರತ್ತುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಿ.

ಕಲಿಕೆಯ ದಾಖಲೆ ದೊಡ್ಡದಾಗಬೇಕಿಲ್ಲ. ತಿಂಗಳಿಗೊಮ್ಮೆ ಕಲಿತದ್ದನ್ನು ದಿನಾಂಕ ಸಹಿತ ಬರೆದಿಡಿ. ಪ್ರತಿ ವಿಷಯದ ಎರಡು ಮೂರು ಹಾಳೆಗಳನ್ನು ಮಕ್ಕಳ ಕೈಬರಹದಲ್ಲೇ ಉಳಿಸಿಕೊಳ್ಳಿ.

ಮಕ್ಕಳೇ ಶಾಲೆಗೆ ಹೋಗುತ್ತೇವೆಂದರೆ, ಕಾಯ್ದೆಯ 4ನೆಯ ಕಲಮಿನಂತೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಆದರೂ ಮಗನ ಟಿಸಿ ಇನ್ನೂ ಹಳೆಯ ಶಾಲೆಯಲ್ಲೇ ಇದ್ದರೆ, ಈ ವಾರವೇ ಹೋಗಿ ಪಡೆದುಕೊಂಡು ಬನ್ನಿ.