ನೀರಿಗಿಳಿಯದವರಿಗೆ ಡೈವ್ ವಾಚ್ ಯಾಕೆ?

ಮೈಸೂರಲ್ಲಿ ಕೂತು, ಈಜೂ ಬಾರದೆ, ಹಳೇ ಕಾಲದ ಚಹರೆಯ ಒಮೆಗಾ ಸೀಮಾಸ್ಟರ್ 300ಗೆ ಲಕ್ಷಗಟ್ಟಲೆ ಸುರಿಯೋದು ಬರೀ ಶೋಕಿನಾ ಅಂತ ಕೇಳಿದ್ದೀರಿ. ಶೋಕಿ ಹೌದು, ಬರೀ ಶೋಕಿ ಅಲ್ಲ.

ಆಳದ ಲೆಕ್ಕ ಮೊದಲು ಮುಗಿಸಿಬಿಡ್ತೀನಿ. ಕೆಆರ್‌ಎಸ್ ಭರ್ತಿಯಾದರೆ 124.80 ಅಡಿ, ಅಂದರೆ 38 ಮೀಟರ್. ಈ ವಾಚು ತಾಳೋದು 300 ಮೀಟರ್. ಅದನ್ನು ಪರೀಕ್ಷಿಸುವಷ್ಟು ನೀರು ನಮ್ಮ ಕಡೆ ಇಲ್ಲ, ಬಿಡಿ. (1957ರ ಮೂಲ ಮಾದರಿಗೂ 300 ಅಂತಲೇ ಹೆಸರು, ಕಂಪನಿ ಭರವಸೆ ಕೊಟ್ಟಿದ್ದು ಮಾತ್ರ 200 ಮೀಟರಿಗೆ!)

ನೆಲದ ಮೇಲಿರುವವರಿಗೆ ಉಪಯೋಗಕ್ಕೆ ಬರೋದು ಬೇರೆ: ಮ್ಯಾಗ್ನೆಟ್ಟಿಗೆ ಜಗ್ಗದ ಗುಣ. ಚಾವಿ ವಾಚಾಗಲಿ ಆಟೋಮ್ಯಾಟಿಕ್ ಆಗಲಿ, ಸಮಯ ಕಾಯೋದು ಕೂದಲೆಳೆಯಂಥ ಹೇರ್‌ಸ್ಪ್ರಿಂಗ್. ಅದು ಉಕ್ಕಿನದಾಗಿದ್ದು ಮ್ಯಾಗ್ನೆಟ್ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗಿನ ಉದ್ದ ಕಮ್ಮಿಯಾದಂತಾಗಿ ವಾಚು ಫಾಸ್ಟ್ ಓಡುತ್ತೆ. ಫೋನಿನ ಸ್ಪೀಕರ್, ಲ್ಯಾಪ್‌ಟಾಪ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ, ನಮ್ಮ ಸುತ್ತ ಇರೋದೆಲ್ಲ ಇವೇ. ಹಿಂದೆ ಯಂತ್ರದ ಸುತ್ತ ಮೆದು ಕಬ್ಬಿಣದ ಡಬ್ಬಿ ಕಟ್ಟುತ್ತಿದ್ದರು. ಆ ಡಬ್ಬಿಗೂ ಒಂದು ಮಿತಿ ಇತ್ತು, ಹಿಂಬದಿಯಲ್ಲಿ ಗಾಜು ಕೂರಿಸೋಕೂ ಆಗುತ್ತಿರಲಿಲ್ಲ. 2013ರಲ್ಲಿ ಒಮೆಗಾ ಡಬ್ಬಿಯನ್ನೇ ಕೈಬಿಟ್ಟು, ಸಿಲಿಕಾನ್ ಹೇರ್‌ಸ್ಪ್ರಿಂಗ್ ಜೊತೆಗೆ ಮುಖ್ಯ ಭಾಗಗಳನ್ನೂ ಮ್ಯಾಗ್ನೆಟ್ ಹಿಡಿಯದ ವಸ್ತುಗಳಲ್ಲೇ ಮಾಡಿ 15,000 ಗಾಸ್ (ಮ್ಯಾಗ್ನೆಟ್ ಬಲದ ಅಳತೆ) ತಾಳುವ ಯಂತ್ರ ತೋರಿಸಿತು. ಮರುವರ್ಷವೇ ಅದು ಸೀಮಾಸ್ಟರ್ 300ರೊಳಗೆ ಬಂತು, ಹಿಂಬದಿ ಗಾಜಿನ ಸಮೇತ. 1957ರ ಮುಖದ ಹಿಂದೆ ಅಂಥ ಯಂತ್ರ! ನನ್ನ ಪ್ರಕಾರ ದುಡ್ಡಿಗೆ ಅರ್ಥ ಇರೋದು ಇಲ್ಲೇ.

ಇದರ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ (ಸ್ಪ್ರಿಂಗಿನ ಶಕ್ತಿಯನ್ನು ಟಿಕ್ ಟಿಕ್ ಅಂತ ತುಸುತುಸುವೇ ಬಿಡೋ ಭಾಗ) ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಅವರ ಆವಿಷ್ಕಾರ, ಒಮೆಗಾ ಬಳಸೋಕೆ ಶುರು ಮಾಡಿದ್ದು 1999ರಲ್ಲಿ. ಉಜ್ಜಾಟ ಕಮ್ಮಿ, ಅಷ್ಟು ಗೊತ್ತಿದ್ದರೆ ಸಾಕು. 2021ರ ಆವೃತ್ತಿಯ ಡಯಲ್ ಎರಡು ಪದರದ್ದು. ಮೇಲಿನದರಲ್ಲಿ ಅಂಕಿ ಕೊರೆದು, ಕೆಳಗಿನದಕ್ಕೆ ಬಳಿದ, ಕತ್ತಲಲ್ಲಿ ಹೊಳೆಯೋ ಬಣ್ಣ ಕಾಣೋ ಹಾಗೆ ಮಾಡಿದ್ದಾರೆ. ಚೆಂದವೇ. ಆದರೆ ಹೊಸ ವಾಚಿಗೆ ಮಾಸಿದ ಕೆನೆಬಣ್ಣ ಬಳಿಯೋದು ನನಗೆ ಸೇರಲ್ಲ.

ಬೆಜೆಲ್, ಅಂದರೆ ಎಷ್ಟು ಹೊತ್ತಾಯ್ತು ಅಂತ ಅಳೆಯೋಕೆ ಡಯಲ್ ಸುತ್ತ ಇರೋ ಬಳೆ, ಒಂದೇ ದಿಕ್ಕಿಗೆ ತಿರುಗುತ್ತೆ. ನೀರಿನಡಿ ಕೈ ತಗುಲಿ ಜರುಗಿದರೂ ಕಳೆದ ಸಮಯ ಹೆಚ್ಚೇ ತೋರಿಸುತ್ತೆ, ಮುಳುಗುಗಾರ ಬೇಗ ಮೇಲೆ ಬರ್ತಾನೆ. ನಾನು ಅದನ್ನು ಬಳಸೋದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ.

ಕೈ ಸಣ್ಣದಿದ್ದರೆ ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ-ಏಟ್ ಕೂಡ ಕಟ್ಟಿ ನೋಡಿ. ಒಮೆಗಾ 41 ಮಿಮೀ, ಇದು 39. ಸಿಲಿಕಾನ್ ಹೇರ್‌ಸ್ಪ್ರಿಂಗ್ ಇದೆ, 200 ಮೀಟರ್, ಬೆಲೆಯೂ ಕಮ್ಮಿ. ಯಾವುದೇ ತಗೊಳ್ಳಿ, ಬಿಸಿನೀರ ಸ್ನಾನಕ್ಕೆ ಮುಂಚೆ ಬಿಚ್ಚಿಡಿ. ಶಾಖಕ್ಕೂ ಸೋಪಿಗೂ ನೀರು ತಡೆಯೋ ರಬ್ಬರ್ ಗ್ಯಾಸ್ಕೆಟ್ ಹಾಳಾಗುತ್ತೆ.