ಹಾರ್ಪ್ ಕಲಿತ ಮಗಳು ಬರೀ ಪಾಠ ಹೇಳಬೇಕಾ?

ಅಮ್ಮಾ, ಫಿಲಡೆಲ್ಫಿಯಾದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಮಗಳಿಗೆ 27 ವರ್ಷ, ಹಾರ್ಪ್ ಅನ್ನುವ ದೊಡ್ಡ ತಂತಿವಾದ್ಯದಲ್ಲಿ ಡಿಗ್ರಿ ಆಗಿದೆ. ಮೂರು ಸಲ ಆಡಿಷನ್ ಕೊಟ್ಟರೂ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಗಲಿಲ್ಲ. ಈಗ ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತಾಳೆ, ಯಾರಾದರೂ ಕರೆದರೆ ಹೋಗಿ ನುಡಿಸಿ ಬರುತ್ತಾಳೆ. “ಇಷ್ಟು ಓದಿಸಿದ್ದು ಬರೀ ಪಾಠ ಹೇಳೋಕಾ? ಕಂಪ್ಯೂಟರ್ ಕೋರ್ಸ್ ಮಾಡು ಅನ್ನಲಾ?” ಅಂತ ಕೇಳಿದ್ದೀರಿ.

ಆ ‘ಬರೀ’ ಅನ್ನುವ ಮಾತು ನನಗೆ ಚುಚ್ಚಿತು. ಅವಳಿಗೆ ಇನ್ನೆಷ್ಟು ಚುಚ್ಚಿರಬೇಡ!

ದೊಡ್ಡ ಆರ್ಕೆಸ್ಟ್ರಾದಲ್ಲಿ ವಯಲಿನ್‌ನವರು ಸುಮಾರು ಮೂವತ್ತು ಜನ ಇರುತ್ತಾರೆ. ಹಾರ್ಪ್‌ಗೆ ಒಂದು ಕುರ್ಚಿ, ಜಾಸ್ತಿ ಅಂದರೆ ಎರಡು. ಅದರಲ್ಲಿ ಕೂತವರು ಎಷ್ಟೋ ಸಲ ದಶಕಗಟ್ಟಲೆ ಏಳುವುದಿಲ್ಲ. ಜಾಗವೇ ಖಾಲಿಯಾಗದಿದ್ದರೆ ಹುಡುಗಿ ಏನು ಮಾಡಬೇಕು?

ನಿಮ್ಮ ಊರಿನದೇ ಕಥೆ ಕೇಳಿ. ಕಾರ್ಲೋಸ್ ಸಾಲ್ಜೆಡೊ 1909ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾಗೆ ಹಾರ್ಪ್ ನುಡಿಸಲು ಬಂದರು. ನಾಲ್ಕೇ ವರ್ಷಕ್ಕೆ ಆ ಕುರ್ಚಿ ಬಿಟ್ಟರು. ಸಂಗೀತ ಕಛೇರಿ ನಿಲ್ಲಿಸಲಿಲ್ಲ, ಆದರೆ 1924ರಲ್ಲಿ ನಿಮ್ಮಲ್ಲಿನ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಹಾರ್ಪ್ ವಿಭಾಗ ಕಟ್ಟಿದರು. ಅಲ್ಲಿ ಕಲಿತ ಎಡ್ನಾ ಫಿಲಿಪ್ಸ್ 1930ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಸೇರಿದರು. ಆ ಆರ್ಕೆಸ್ಟ್ರಾದ ಸದಸ್ಯೆಯಾದ ಮೊದಲ ಹೆಣ್ಣುಮಗಳು ಅವರು. ಅವರನ್ನು ತಯಾರು ಮಾಡಿದ್ದು ಒಂದು ಪಾಠದ ಕೋಣೆ ಅಲ್ವಾ? ನೀವು ಮೈಸೂರಿನವರು. ವೀಣೆ ಶೇಷಣ್ಣನವರು ಆಸ್ಥಾನದಲ್ಲೂ ನುಡಿಸಿದರು, ಶಿಷ್ಯರಿಗೂ ಕಲಿಸಿದರು. ಕಲಿಸಿದ್ದಕ್ಕೆ ಅವರನ್ನು ಯಾರಾದರೂ ಸೋತವರು ಅಂದರಾ?

ಒಂದು ದಿನ ಅವಳ ಪಾಠದ ಹೊತ್ತಿಗೆ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. 47 ತಂತಿ, ಕಾಲಿಗೆ ಏಳು ಪೆಡಲ್. ಸ್ವರ ಬದಲಿಸಲು ಒಂದೊಂದು ಪೆಡಲ್‌ಗೂ ಮೂರು ಸ್ಥಾನ. ಕಿರುಬೆರಳು ಬಿಟ್ಟು ಉಳಿದ ನಾಲ್ಕರಲ್ಲೇ ಮೀಟಬೇಕು. ಮಗುವಿನ ಮಣಿಕಟ್ಟು ತಪ್ಪಾಗಿ ಬಗ್ಗಿದರೆ ಮೊದಲು ನೋವು ಬರುತ್ತದೆ, ಆಮೇಲೆ ಆಸೆಯೇ ಹೋಗುತ್ತದೆ. ಅದನ್ನು ಪಕ್ಕದಲ್ಲಿ ಕೂತವರು ಕಣ್ಣಿಟ್ಟು ನೋಡಿ ತಿದ್ದಬೇಕು. ಇದು ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ.

ದುಡ್ಡಿನ ಚಿಂತೆ ಇರುವುದೂ ನಿಜ. ಅಪ್ಪ, ನೀವು, ಅವಳು ಕೂತು ಒಂದು ವರ್ಷದ ಲೆಕ್ಕ ಬರೆಯಿರಿ. ಪಾಠದ ಫೀಸು, ಕಛೇರಿಯ ಸಂಭಾವನೆ, ಬಾಡಿಗೆ, ಆರೋಗ್ಯ ವಿಮೆ, ಹೊಸ ತಂತಿಯ ಖರ್ಚು ಎಲ್ಲ ಬರಲಿ. ಕಡಿಮೆ ಬಿದ್ದರೆ ಎಷ್ಟು ಅನ್ನುವುದಾದರೂ ಗೊತ್ತಾಗುತ್ತದೆ. ನಾಲ್ಕನೇ ಆಡಿಷನ್ ಕೊಡಬೇಕೋ ಬೇಡವೋ ಅನ್ನುವುದನ್ನು ಅವಳೇ ಹೇಳಲಿ, ನೀವು ಕೇಳಬೇಡಿ.

ಮುಂದಿನ ಸಲ ಅವಳು ಹಾರ್ಪನ್ನು ಕಾರಿಗೆ ಏರಿಸುವಾಗ ಮನೆಯವರು ಒಬ್ಬರು ಕೈ ಕೊಡಿ. ಸುಮಾರು 36 ಕೆಜಿ ಇರುತ್ತದೆ ಅದು.