ರೂಟ್ ಆದರೂ ಕಮಾಂಡ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 (ಒಂದು ಲಿನಕ್ಸ್ ಓಎಸ್) ಇದೆ. 'ಎಸ್‌ಯು' ಎಂದು ಹೊಡೆದು, ಪಾಸ್‌ವರ್ಡ್ ಕೊಟ್ಟು ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಬಳಕೆದಾರ) ಆಗುತ್ತೇನೆ. ಆಮೇಲೆ ಹೊಸ ಬಳಕೆದಾರರನ್ನು ಸೇರಿಸಲು 'ಆಡ್‌ಯೂಸರ್' ಕೊಟ್ಟರೆ 'ಕಮಾಂಡ್ ನಾಟ್ ಫೌಂಡ್' ಎಂದು ಬರುತ್ತದೆ. ಓಎಸ್ ಮತ್ತೆ ಹಾಕಬೇಕೇ?
– ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡಮ್ಮಾ, ಖಂಡಿತ ಬೇಡ. ಕಮಾಂಡ್ ಎಲ್ಲೂ ಹೋಗಿಲ್ಲ. '/ಯುಎಸ್‌ಆರ್/ಎಸ್‌ಬಿನ್' ಫೋಲ್ಡರ್‌ನಲ್ಲೇ ಇದೆ. ನೀವು ಹೊಡೆದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ, ಅಂದರೆ ಶೆಲ್, ಆ ಫೋಲ್ಡರ್‌ನಲ್ಲಿ ಹುಡುಕುತ್ತಿಲ್ಲ, ಅಷ್ಟೇ.

ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿ 'ಪಾತ್' ಎಂಬ ವೇರಿಯಬಲ್‌ನಲ್ಲಿ (ಶೆಲ್ ಒಂದು ಹೆಸರಿನಡಿ ನೆನಪಿಟ್ಟುಕೊಳ್ಳುವ ಮಾಹಿತಿ) ಇರುತ್ತದೆ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರರ ಪಟ್ಟಿಗೆ ಎಸ್‌ಬಿನ್ ಫೋಲ್ಡರ್‌ಗಳನ್ನು ಸೇರಿಸಿರುವುದಿಲ್ಲ. ನೀವು ಬರೀ 'ಎಸ್‌ಯು' ಎಂದಾಗ ರೂಟ್‌ನ ಅಧಿಕಾರ ಬಂತು. ಬಳಕೆದಾರರ ಸ್ವಂತ ಫೋಲ್ಡರ್ ಯಾವುದೆಂದು ಹೇಳುವ 'ಹೋಮ್' ವೇರಿಯಬಲ್ ಕೂಡ '/ರೂಟ್' ಆಯಿತು. ಪಾತ್ ಮಾತ್ರ ನಿಮ್ಮದೇ ಉಳಿಯಿತು. ಕುರ್ಚಿ ಬದಲಾಯಿತು, ಹೆಗಲ ಚೀಲ ಹಳೆಯದೇ.

'ಎಸ್‌ಯು' ಎಂದು ಹೊಡೆದು, ಒಂದು ಸ್ಪೇಸ್ ಬಿಟ್ಟು, ಒಂದು ಡ್ಯಾಶ್ ಹಾಕಿ. ಆಗ ರೂಟ್ ಹೊಸದಾಗಿ ಲಾಗಿನ್ ಆದಂತೆ. ಟರ್ಮಿನಲ್ ಯಾವ ಬಗೆಯದೆಂದು ಹೇಳುವ 'ಟರ್ಮ್'ನಂಥ ಒಂದೆರಡನ್ನು ಬಿಟ್ಟು ನಿಮ್ಮ ವೇರಿಯಬಲ್‌ಗಳೆಲ್ಲ ಅಳಿಸಿಹೋಗುತ್ತವೆ, ರೂಟ್‌ನದೇ ಪಾತ್ ಬರುತ್ತದೆ.

ಹಳೆಯ ಪಾಠಗಳಲ್ಲಿ ಬರೀ 'ಎಸ್‌ಯು' ಎಂದೇ ಇರುತ್ತದೆ ಅಲ್ವಾ? ಆಗ ಅದು ಸರಿಯೇ ಇತ್ತು. 2019ರಲ್ಲಿ ಬಂದ ಡೆಬಿಯನ್ 10ರಿಂದ ಈ ಕಮಾಂಡ್ 'ಯುಟಿಲ್-ಲಿನಕ್ಸ್' ಪ್ಯಾಕೇಜಿನದು. ಅದಕ್ಕೂ ಮುಂಚೆ ಇದ್ದ 'ಶ್ಯಾಡೋ' ಪ್ಯಾಕೇಜಿನ ಎಸ್‌ಯು ಪಾತ್ ಅನ್ನೂ ಬದಲಿಸುತ್ತಿತ್ತು. ಹೊಸದು ಬದಲಿಸುವುದಿಲ್ಲ.

ಈ ಒಂದು ಡ್ಯಾಶ್ ಬಗ್ಗೆ ನನಗೆ ಜಾಸ್ತಿ ಕಾಳಜಿ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವರ್ಷ ಡೇಟಾಬೇಸ್ ಬ್ಯಾಕಪ್‌ಗೆ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಡ್ಯಾಶ್ ಇಲ್ಲದೆ ಬ್ಯಾಕಪ್ ಯೂಸರ್ ಆಗಿ ಓಡಿಸಿ ನೋಡಿದೆ. ಚೆನ್ನಾಗಿ ಓಡಿತು. ಡೇಟಾಬೇಸಿನ ನಕಲು ತೆಗೆಯುವ ಡಂಪ್ ಕಮಾಂಡ್ ಇದ್ದ ಫೋಲ್ಡರ್ ನನ್ನ ಪಾತ್‌ನಲ್ಲಿತ್ತು, ಅದು ನನ್ನ ಜೊತೆಗೇ ಬಂದಿತ್ತು. ರಾತ್ರಿ 2 ಗಂಟೆಗೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಅದೇ ಸ್ಕ್ರಿಪ್ಟ್ ಓಡಿಸಿದಾಗ ಆ ಪಾತ್ ಇರಲಿಲ್ಲ. ಬೆಳಗ್ಗೆ ನೋಡಿದರೆ ಫೈಲ್ ಇತ್ತು, ಗಾತ್ರ 0 ಬೈಟ್. ಡ್ಯಾಶ್ ಹಾಕಿ ಪರೀಕ್ಷಿಸಿದ್ದರೆ ಹಿಂದಿನ ಸಂಜೆಯೇ ಗೊತ್ತಾಗುತ್ತಿತ್ತು.

ಸುರಕ್ಷತೆಯ ಮಾತೂ ಇದೆ. ನಿಮ್ಮ ಪಾತ್‌ನಲ್ಲಿ ಮೊದಲು ಬರುವ ಫೋಲ್ಡರ್‌ನಲ್ಲಿ 'ಎಲ್‌ಎಸ್' (ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹೆಸರಿನ ಕಳ್ಳ ಪ್ರೋಗ್ರಾಂ ಸೇರಿಕೊಂಡಿದ್ದರೆ, ಬರೀ ಎಸ್‌ಯು ಮಾಡಿ ಎಲ್‌ಎಸ್ ಹೊಡೆದಾಗ ಅದು ರೂಟ್ ಅಧಿಕಾರದಲ್ಲೇ ಓಡುತ್ತದೆ.

ಒಂದೊಂದೇ ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸುವ 'ಸುಡೋ' ಬಳಸಿದರೆ ನಿಮಗೆ ಈ ತೊಂದರೆ ಬರುವುದಿಲ್ಲ. ಅದರ ಸೆಟ್ಟಿಂಗ್‌ನಲ್ಲಿ 'ಸೆಕ್ಯೂರ್ ಪಾತ್' ಎಂದು ಬೇರೆಯೇ ಪಟ್ಟಿ ಇದೆ. ಆದರೆ ನೀವು ಎಕ್ಸ್‌ಪೋರ್ಟ್ ಮಾಡಿದ (ಶೆಲ್‌ನಿಂದ ಓಡಿಸುವ ಪ್ರೋಗ್ರಾಂಗಳಿಗೂ ಸಿಗುವಂತೆ ಮಾಡಿದ) 'ಜಾವಾ ಹೋಮ್'ನಂಥ ವೇರಿಯಬಲ್‌ಗಳನ್ನು ಸುಡೋ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೇಕಾದದ್ದನ್ನು 'ಪ್ರಿಸರ್ವ್-ಎನ್ವ್' ಆಯ್ಕೆಯಲ್ಲಿ ಹೆಸರಿಸಿ ಕಳಿಸಬೇಕು. ಸುಮ್ನೆ ಎಲ್ಲವನ್ನೂ ದಾಟಿಸಬೇಡಿ.

ಇವತ್ತೇ ಎರಡೂ ರೀತಿಯಲ್ಲಿ ರೂಟ್ ಆಗಿ, ವೇರಿಯಬಲ್‌ಗಳನ್ನೆಲ್ಲ ತೋರಿಸುವ 'ಎನ್ವ್' ಕಮಾಂಡ್ ಹೊಡೆದು, ಬರುವ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಏನೂ ಕೆಡುವುದಿಲ್ಲ. 'ಎಕ್ಸಿಟ್' ಹೊಡೆದರೆ ನಿಮ್ಮ ಹಳೆಯ ಶೆಲ್ ಹೇಗಿತ್ತೋ ಹಾಗೇ ಇರುತ್ತದೆ.